ಎರಡನೆಯ ಚಮಚ

ಜೂನ್ ೯

ಭಾವ,

ಬಂದು ಸೇರಿದೆ. ನಿಮ್ಮ ಅಪ್ಪಣೆಯಂತೆ ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆ. "ಫೋನಲ್ಲಿ ನೀನು ಮಾತಾಡ್ತಾನೇ ಇರ್ತೀಯ, ನಾನು ಹೂಂ ಹೂಂ ಅಂತಾನೇ ಇರ್ತೀನಿ, ಇಟ್ಟ ಮೇಲೆ ಇಬ್ಬರಿಗೂ ಏನೂ ನೆನಪಿರಲ್ಲ. ವ್ಯವಹಾರ ಅಂದ್ಮೇಲೆ ಬರೆದು ಕಳಿಸು" ಅಂದಿರಲ್ಲ, ನಾನು ಒಪ್ಪಿಕೊಂಡೆ. ಅಕ್ಕ ಮಾತ್ರ ಮುಖ ತಿರುಗಿಸಿಕೊಂಡು ನಕ್ಕಳು.

ಕೋಣೆ ಜೆರಾಕ್ಸ್ ಅಂಗಡಿಯ ಮೇಲೆ. ಬೆಳಗಾದರೆ ಕೆಳಗಿನ ಯಂತ್ರ ಶುರುವಾಗುತ್ತದೆ, ನನ್ನ ನೆಲ ಬೆಚ್ಚಗಾಗುತ್ತದೆ. ಕಿಟಕಿ ತೆಗೆದರೆ ಎದುರು ಕಟ್ಟಡದವರ ಒಗೆದ ಬಟ್ಟೆ ಕೈಗೆ ಸಿಗುತ್ತದೆ. ಒಬ್ಬನಿಗೆ ಸಾಕು.

ನಾವು ಹುಡುಕುತ್ತಿರುವವರು ಬ್ಯಾಂಕಿನವರಲ್ಲ, ತಮ್ಮ ಸ್ವಂತ ದುಡ್ಡನ್ನು ಹೊಸ ಕಂಪನಿಗಳಿಗೆ ಹಾಕಿ ಪಾಲು ತೆಗೆದುಕೊಳ್ಳುವವರು. ಅಂಥವರಲ್ಲಿ ಒಬ್ಬರನ್ನು ನಿನ್ನೆ ನೋಡಿದೆ. ನಾನು ಎಲ್ಲ ಕಡೆಯೂ ಹೀಗೆ ಶುರು ಮಾಡಬೇಕೆಂದಿದ್ದೇನೆ: "ನಮ್ಮ ಅಕ್ಕನ ಗಂಡ ಮೂವತ್ತು ವರ್ಷದಿಂದ ತಕ್ಕಡಿ ರಿಪೇರಿ ಮಾಡ್ತಾರೆ. ಅಂಗಡಿ ತಕ್ಕಡಿಯಿಂದ ಹಿಡಿದು ಕಾಲೇಜಿನ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿವರೆಗೆ. ತಕ್ಕಡಿ ಅಲುಗದ ಹಾಗೆ ನಿಲ್ಲಿಸೋ ವಿದ್ಯೆಯನ್ನೇ ಅವರು ಒಂದು ಚಮಚಕ್ಕೆ ಇಳಿಸಿದ್ದಾರೆ. ಹಿಡಿದ ಕೈ ನಡುಗಿದರೂ ಚಮಚ ನಡುಗಲ್ಲ. ಬ್ಯಾಟರಿ ಇಲ್ಲ, ಎರಡು ಉಂಗುರ, ಒಂದು ತೂಕ, ಒಂದು ಸ್ಪ್ರಿಂಗು. ಬಡವರೂ ಕೊಳ್ಳಬಹುದು."

ಆ ಮಹಾಶಯರು ಎಲ್ಲವನ್ನೂ ಕೇಳಿ, "ಅಲ್ಲಪ್ಪಾ, ಕೈ ನಡುಗೋರು ಎಷ್ಟು ಜನ ಇರ್ತಾರೆ ಮಹಾ?" ಅಂದರು. ನಾನು ಕಲಿತಿದ್ದ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಕಡೆಗೆ "ಚಮಚ ಎಲ್ಲಿ?" ಅಂದರು. ಮೊದಲ ಚಮಚವನ್ನು ಪರೀಕ್ಷೆಗೆ ಅಂತ ನೀವು ಮನೆಯಲ್ಲೇ ಇಟ್ಟುಕೊಂಡಿರಲ್ಲ, ನಾನು ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಮದುವೆಗೆ ಹೆಣ್ಣು ತೋರಿಸಿ ಅಂದರೆ ಫೋಟೋ ತೋರಿಸಿದ ಹಾಗಾಯಿತು.

ಆದ್ದರಿಂದ ಇನ್ನೊಂದು ಚಮಚ ಬೇಗ ಬೇಕು. ಹಿಡಿಕೆ ಸ್ವಲ್ಪ ನುಣುಪಾಗಿರಲಿ. ಜೊತೆಗೆ, ಯಾರಾದರೂ ಒಬ್ಬ ನಿಜವಾದ ಬಳಕೆದಾರರು ಇದ್ದರೆ ಅವರ ವಿಷಯ ಬರೆಯಿರಿ. ಇವರಿಗೆಲ್ಲ ಯಂತ್ರಕ್ಕಿಂತ ಮನುಷ್ಯನ ಕಥೆ ಬೇಕು.

ನಿಮ್ಮ,
ಮಾತಿನಮಲ್ಲ


ಜೂನ್ ೨೩

ಮಾತಿನಮಲ್ಲನಿಗೆ,

ಅಕ್ಷರ ನೋಡಿ ಗಾಬರಿಯಾಗಬೇಡ, ಇದು ನಿನ್ನ ಅಕ್ಕನದು. ನನ್ನ ಕೈಗೆ ಈಗ ಪುರುಸೊತ್ತಿಲ್ಲ, ಅದಕ್ಕೆ ಹೇಳಿ ಬರೆಸುತ್ತಿದ್ದೇನೆ. ದೊಡ್ಡ ಮನುಷ್ಯರೆಲ್ಲ ಹೀಗೇ ಬರೆಸುತ್ತಾರಂತೆ. ನೀನು ದುಡ್ಡು ತರುವ ಮುಂಚೆಯೇ ನಾನು ಸಾಹೇಬನಾಗಿದ್ದೇನೆ ಅಂದುಕೋ.

ಈ ಪೆಟ್ಟಿಗೆಯಲ್ಲಿ ಎರಡನೆಯ ಚಮಚವಿದೆ. ಮೊದಲನೆಯದು ಸಣ್ಣ ನಡುಕಕ್ಕೆ ಮಾಡಿದ್ದು. ಇದು ಹೆಚ್ಚು ನಡುಗುವ ಕೈಗೆ. ತೂಕ ಹೆಚ್ಚಿಸಿದ್ದೇನೆ, ಒಳಗಿನ ಉಂಗುರವನ್ನು ಹಳೆಯ ತಕ್ಕಡಿಯೊಂದರ ಹಿತ್ತಾಳೆಯಿಂದ ಕಡೆದಿದ್ದೇನೆ. ನಾನು ಇಷ್ಟು ವರ್ಷದಲ್ಲಿ ಮಾಡಿದ ಕೆಲಸಗಳಲ್ಲಿ ಇದೇ ಚೆನ್ನಾಗಿ ಬಂದಿದೆ ಅನಿಸುತ್ತದೆ. ತೋರಿಸು, ಆದರೆ ಕಳೆಯಬೇಡ. ಕೆಲಸ ಆದ ಮೇಲೆ ಜೋಪಾನವಾಗಿ ವಾಪಸ್ ತಾ.

ಬಳಕೆದಾರರು ಬೇಕು ಅಂದೆಯಲ್ಲ. ಒಬ್ಬರಿದ್ದಾರೆ. ಹತ್ತಿರದವರೇ, ನನ್ನ ಓರಗೆಯವರು. ಹೆಸರು ಹೇಳಬೇಡಿ ಅಂದಿದ್ದಾರೆ. ಗಿರಾಕಿ ಅಂತ ಕರೆಯೋಣ. ಅವರಿಗೆ ತಟ್ಟೆಯಲ್ಲಿ ಬೇಯಿಸಿದ ಬಟಾಣಿ ಹಾಕಿ ಮೊದಲ ಚಮಚ ಕೊಟ್ಟೆವು. ಬಟಾಣಿ ಉರುಳುವ ಜಾತಿ ನೋಡು, ಮೋಸ ಮಾಡಲು ಆಗುವುದಿಲ್ಲ. ಬರಿ ಚಮಚದಲ್ಲಾದರೆ ಅರ್ಧ ನೆಲದ ಪಾಲು. ನಮ್ಮ ಚಮಚದಲ್ಲಿ ಎರಡೋ ಮೂರೋ ಬಿದ್ದವು, ಅಷ್ಟೇ. ತಿಂದು ಮುಗಿಸಿ ಆ ಮನುಷ್ಯ ತಟ್ಟೆಯನ್ನು ಪಕ್ಕಕ್ಕಿಟ್ಟರು. ಎಷ್ಟೋ ದಿನದ ಮೇಲೆ ಯಾರ ಕಣ್ಣಿಗೂ ಬೀಳದೆ ಊಟ ಮಾಡಿದೆ ಅಂದರು. ಇದನ್ನು ನಿನ್ನ ದೊಡ್ಡವರಿಗೆ ಹೇಳು.

ದುಡ್ಡು ಸಿಕ್ಕರೆ ಮೊದಲು ಇಬ್ಬರು ಹುಷಾರಾದ ಕೆಲಸಗಾರರನ್ನು ಇಟ್ಟುಕೊಳ್ಳೋಣ. ನಾನು ಕೂತು ಕಲಿಸುತ್ತೇನೆ. ಅಂಗಡಿ, ಬೋರ್ಡು, ಬಣ್ಣ ಎಲ್ಲ ಆಮೇಲೆ.

ನಿನ್ನ ಭಾವ


ಜುಲೈ ೧೬

ಭಾವ,

ನಿಮ್ಮ ಗಿರಾಕಿಯ ಬಟಾಣಿ ಕಥೆಗೆ ಜನ ಬಾಯಿ ಬಿಟ್ಟುಕೊಂಡು ಕೂರುತ್ತಾರೆ. ಮೊನ್ನೆ ಒಬ್ಬ ಹೆಂಗಸು ಕಣ್ಣೊರೆಸಿಕೊಂಡರು. ಆದರೆ ಜೇಬಿಗೆ ಮಾತ್ರ ಕೈ ಹಾಕಲಿಲ್ಲ.

ಇಲ್ಲೊಂದು ಗುಂಪಿದೆ. ಹನ್ನೆರಡು ಜನ, ಎಲ್ಲ ಉಳ್ಳವರು, ತಿಂಗಳಿಗೊಮ್ಮೆ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ ಸೇರುತ್ತಾರೆ. ಹೊರಗೆ ನಮ್ಮಂಥವರ ಸಾಲು. ಒಬ್ಬನ ಹತ್ತಿರ ನಾಯಿಗೆ ಹಲ್ಲುಜ್ಜುವ ಯಂತ್ರ, ಇನ್ನೊಬ್ಬಳ ಹತ್ತಿರ ಮಡಚಿ ಚೀಲಕ್ಕೆ ಹಾಕಿಕೊಳ್ಳುವ ಕುರ್ಚಿ. ಒಳಗೆ ಹತ್ತು ನಿಮಿಷ. ಗಂಟೆ ಹೊಡೆಯುತ್ತದೆ, ಎದ್ದು ಬರಬೇಕು. ಅವರಿಗೆ ಚಮಚ ಹಿಡಿಸಿತು. ಮುಂದಿನ ಸಲದವರೆಗೆ ಇಲ್ಲೇ ಇರಲಿ, ಎಲ್ಲರೂ ನೋಡಲಿ ಅಂದರು. ಎರಡನೆಯ ಚಮಚವನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ಇನ್ನೊಂದು ಮಾಡಿ ಕಳಿಸುತ್ತೀರಲ್ಲ?

ನಗುವ ವಿಷಯವೊಂದಿದೆ. ಚಮಚವನ್ನು ಅಲ್ಲಿ ಬಿಡುವ ಮುಂಚೆ, ಕೆಲಸದಿಂದ ನಿವೃತ್ತರಾದ ಡಾಕ್ಟರಮ್ಮ ಒಬ್ಬರ ಮನೆಗೆ ಹೋಗಿದ್ದೆ. ಒಂಟಿ ಹೆಂಗಸು, ಹಾಲ್ ತುಂಬ ಪುಸ್ತಕ, ಬೆಕ್ಕು. ಅರ್ಧ ಗಂಟೆ ಚಮಚವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ಇಬ್ಬರು ಕೆಲಸಗಾರರಿಗೆ ಒಂದು ವರ್ಷ ಸಂಬಳ ಕೊಡೋಷ್ಟು ನಾನು ಹಾಕ್ತೀನಿ. ನಾಳೆಯಿಂದಲೇ ಶುರು ಮಾಡಿ, ಮೊದಲು ಯಾರಿಗಾದ್ರೂ ಕಲಿಸಿ" ಅಂದರು. ಅಷ್ಟೇ. ಜಾಹೀರಾತಿಗಿಲ್ಲ, ಕಾರ್ಖಾನೆಗಿಲ್ಲ. ಅಷ್ಟಕ್ಕೇ ಹತ್ತರಲ್ಲಿ ಒಂದು ಪಾಲು ಬೇರೆ. ನಾನು ನಯವಾಗಿ ಕೈ ಮುಗಿದು ಎದ್ದು ಬಂದೆ. ಮೇಲಿನ ಮಹಡಿಯವರು ಹಾಕಿದರೆ ಅದರ ಇಪ್ಪತ್ತರಷ್ಟು ಹಾಕುತ್ತಾರೆ. ನಿಮ್ಮಂಥವರ ಕೆಲಸವನ್ನು ಚಿಲ್ಲರೆಗೆ ಮಾರುವ ಮನಸ್ಸಾಗಲಿಲ್ಲ. ಸರಿ ತಾನೇ?

ಗಿರಾಕಿಯ ಸುದ್ದಿ ಬರೆಯುತ್ತಿರಿ. ಈಗ ಅವರೇ ನಮ್ಮ ಹೀರೋ.

ಮಾತಿನಮಲ್ಲ


ಜುಲೈ ೨೭

ಮಾತಿನಮಲ್ಲನಿಗೆ,

ನಿನ್ನ ಕಾಗದ ಬಂತು. ನಿನ್ನ ಅಕ್ಕ ಎರಡು ಸಲ ಓದಿ ಹೇಳಿದಳು. ನನಗೋಸ್ಕರ ಮಾಡಿದ್ದು ಅಂತ ಗೊತ್ತು, ಬೇಜಾರಿಲ್ಲ.

ಆದರೂ ಆ ಡಾಕ್ಟರಮ್ಮನವರ ಮನೆಗೆ ಇನ್ನೊಂದು ಸಲ ಹೋಗಿ ಬರುತ್ತೀಯಾ? ಚಿಲ್ಲರೆಯಾದರೆ ಚಿಲ್ಲರೆ. ಕಲಿಸಿ ಅಂದರಲ್ಲ, ಆ ಮಾತು ನನಗೆ ಹಿಡಿಸಿತು. ಕಲಿಸುವುದಕ್ಕೆ ಇದು ಒಳ್ಳೆಯ ಕಾಲ. ಮುಂದೆ ಹೇಗೋ ಏನೋ.

ಎರಡನೆಯ ಚಮಚವನ್ನು ಅಲ್ಲಿ ಬಿಟ್ಟು ಬಂದದ್ದು ಸರಿಯಾಗಲಿಲ್ಲ. ಆದಷ್ಟು ಬೇಗ ತೆಗೆದುಕೋ. ಗಿರಾಕಿಗೆ ಅದನ್ನೇ ಕೊಡಬೇಕು ಅಂತಿದ್ದೆ. ಮೊದಲನೆಯದು ಈಗ ಅವರಿಗೆ ಸಾಲುತ್ತಿಲ್ಲ. ಬಟಾಣಿ ಬಿಟ್ಟು ಹಿಸುಕಿದ ಆಲೂಗಡ್ಡೆಗೆ ಇಳಿದಿದ್ದೇವೆ.

ಮೂರನೆಯದು ಸ್ವಲ್ಪ ತಡವಾಗುತ್ತದೆ.

ನಿನ್ನ ಭಾವ

(ಇದು ನಾನು, ಅಕ್ಕ. ಅವರು ಮಾತು ಮುಗಿಸಿ ಎದ್ದು ಹೋದರು. ಒಂದು ಸಲ ಮನೆಗೆ ಬಂದು ಹೋಗೋ. ಎರಡು ದಿನ ಸಾಕು.)


ಸೆಪ್ಟೆಂಬರ್ ೨

ಭಾವ,

ಒಂದೂವರೆ ತಿಂಗಳು ಬರೆಯಲಿಲ್ಲ, ಬೈಯಬೇಡಿ. ಬರೆಯುವಂಥದ್ದು ಏನೂ ಇರಲಿಲ್ಲ. ಅಕ್ಕನಿಗೆ ನನ್ನನ್ನು ನೋಡುವ ಆಸೆಯಾಗಿದೆ ಅಂತ ಕಾಣುತ್ತದೆ, ಪಾಪ. ಕೈಯಲ್ಲಿ ಏನಾದರೂ ಹಿಡಿದುಕೊಂಡೇ ಬರುತ್ತೇನೆ ಅಂತ ಹೇಳಿ. ಬರಿಗೈಯಲ್ಲಿ ಬಂದು ಅವಳ ಮುಂದೆ ಕೂರಲು ನನ್ನಿಂದಾಗದು.

ಡಾಕ್ಟರಮ್ಮನ ಮನೆಗೆ ಹೋಗಲಿಲ್ಲ. ಒಮ್ಮೆ ಬೇಡ ಅಂದು ಎದ್ದು ಬಂದ ಮೇಲೆ ಯಾವ ಮುಖ ಇಟ್ಟುಕೊಂಡು ಬೆಲ್ ಒತ್ತಲಿ? ಮೇಲಿನ ಮಹಡಿಯವರು ಎರಡು ಸಲ ಮುಂದೂಡಿದರು. ಈಗ ಕಾಗದಪತ್ರ ಕೇಳುತ್ತಿದ್ದಾರೆ. ನಾನು ಬೆಳಿಗ್ಗೆ ಹೊತ್ತು ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತೇನೆ, ಆ ಸಂಬಳ ಬಾಡಿಗೆಯಲ್ಲಿ ವಜಾ. ಪುಟ ತಿರುಗಿಸುವುದರಲ್ಲಿ ಪಳಗಿದ್ದೇನೆ.

ಎರಡು ವಿಷಯ ನಿಷ್ಠುರವಾಗಿ ಹೇಳಬೇಕಾಗಿದೆ. ಮೂರನೆಯ ಚಮಚ ಬಂತು. ಬೆಸುಗೆ ಒರಟಾಗಿದೆ, ಉಂಗುರ ಒಂದು ಕಡೆಗೆ ವಾಲುತ್ತದೆ. ಇದು ನಿಮ್ಮ ಕೆಲಸವಲ್ಲ. ಯಾರೋ ಕಲಿಯುವವರ ಕೈಗೆ ಕೊಟ್ಟಿದ್ದೀರಿ. ಇಂಥದ್ದನ್ನು ಇವರ ಮುಂದೆ ಇಟ್ಟರೆ ಮೂಗು ಮುರಿಯುತ್ತಾರೆ.

ಇನ್ನೊಂದು, ಗಿರಾಕಿಯ ವಿಷಯ. ನೀವು ಬರೆದದ್ದನ್ನೂ ಮೂರನೆಯ ಚಮಚದ ಜೊತೆ ಬಂದ ಚೀಟಿಯನ್ನೂ ಜೋಡಿಸಿ, ಎಷ್ಟು ಚೆಲ್ಲದೆ ತಿಂದರು ಅಂತ ಒಂದು ನಕ್ಷೆ ಮಾಡಿದ್ದೆ. ಜೂನಿನಲ್ಲಿ ಮೇಲಿದ್ದ ಗೆರೆ ಆಗಸ್ಟಿಗೆ ನೆಲ ಮುಟ್ಟಿದೆ. ನೋಡಿದವರು ಚಮಚ ಕೆಲಸ ಮಾಡುವುದಿಲ್ಲ ಅಂದುಕೊಳ್ಳುತ್ತಾರೆ, ಕಾಯಿಲೆ ಹೆಚ್ಚಿದೆ ಅಂದುಕೊಳ್ಳುವುದಿಲ್ಲ. ಆ ಮನುಷ್ಯನನ್ನು ಬಿಟ್ಟುಬಿಡಿ ಭಾವ. ಅವರಿಂದ ಇನ್ನು ನಮಗೆ ಉಪಯೋಗವಿಲ್ಲ. ನಡುಕ ಹೆಚ್ಚಾಗದ ಬೇರೆ ಯಾರನ್ನಾದರೂ ಹುಡುಕಿ. ಎಷ್ಟೊಂದು ಜನರಿರುತ್ತಾರೆ.

ಮಾತಿನಮಲ್ಲ


ಸೆಪ್ಟೆಂಬರ್ ೧೯

ಮಾತಿನಮಲ್ಲನಿಗೆ,

ಮೂರನೆಯದು ಕಲಿಯುವವರ ಕೈಯದು ಅಂತ ಸರಿಯಾಗಿ ಕಂಡುಹಿಡಿದೆ. ನಿನಗೂ ಕಣ್ಣು ಬಂದಿದೆ, ಸಂತೋಷ. ಆ ಕೈಗೆ ಬೆಸುಗೆಯ ಕಡ್ಡಿ ತಾಗಿ ಎರಡು ಬೆರಳು ಬೊಬ್ಬೆ ಎದ್ದಿತ್ತು. ಆದರೂ ಬಿಡಲಿಲ್ಲ. ಬೈಯಬೇಡ.

ಗಿರಾಕಿಯನ್ನು ಬಿಡು ಅಂದೆ. ಬಿಡುವ ಹಾಗಿದ್ದರೆ ನಾನೂ ಯಾವತ್ತೋ ಬಿಡುತ್ತಿದ್ದೆ. ಅವರಿಗೆ ನಿನ್ನ ಮಾತು ತಲುಪಿಸಿದೆ. ನಕ್ಕರು. ಹುಡುಗ ವ್ಯವಹಾರ ಕಲಿಯುತ್ತಿದ್ದಾನೆ ಅಂದರು. ಬೇರೆಯವರನ್ನು ಹುಡುಕುತ್ತೇನೆ, ನೀನು ಆ ಚಿಂತೆ ಬಿಡು.

ಈಚೆಗೆ ಕಾಲೇಜಿನ ತಕ್ಕಡಿ ಕೆಲಸ ಒಪ್ಪಿಕೊಳ್ಳುತ್ತಿಲ್ಲ. ಅಂಗಡಿಗಳ ದೊಡ್ಡ ತಕ್ಕಡಿ ಒಂದೆರಡು ಬರುತ್ತವೆ. ಮನೆ ನಡೆಯುತ್ತದೆ. ನೀನು ಸರಿಯಾಗಿ ಊಟ ಮಾಡು.

ನಿನ್ನ ಭಾವ

(ಆ ನಕ್ಷೆಯನ್ನು ಹರಿದು ಹಾಕು. ಬೇರೇನೂ ಕೇಳಬೇಡ. ಅಕ್ಕ.)


ಅಕ್ಟೋಬರ್ ೧೦

ಭಾವ, ಅಕ್ಕ,

ಕೂತುಕೊಂಡು ಓದಿ. ನಮ್ಮ ಕೆಲಸ ಆಯಿತು, ಆದಂತೆಯೇ.

ಮೇಲಿನ ಮಹಡಿಯವರು ಕಡೆಗೆ ಆಗುವುದಿಲ್ಲ ಅಂತ ಕೈಯೆತ್ತಿಬಿಟ್ಟರು. ಆದರೆ ಅಲ್ಲೇ ಮೂಲೆಯಲ್ಲಿ ಕೂರುತ್ತಿದ್ದ ಒಬ್ಬ ಮುದುಕರು ನನ್ನ ಹಿಂದೆಯೇ ಮೆಟ್ಟಿಲಿಳಿದು ಬಂದರು. ಬೀಗದ ಕಾರ್ಖಾನೆ ಇಟ್ಟುಕೊಂಡಿದ್ದವರು, ಈಗ ಮಕ್ಕಳಿಗೆ ಬಿಟ್ಟಿದ್ದಾರೆ. ಅಂಗಿಯ ಜೇಬಿನಲ್ಲಿ ಈಗಲೂ ಲೋಹ ಉಜ್ಜುವ ಒಂದು ಸಣ್ಣ ಅರ. "ಆ ಚಮಚ ಮಾಡಿದ ಕೈ ನನಗೆ ಬೇಕು ಕಣಯ್ಯಾ. ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ" ಅಂದರು. ಭಾವ, ಅವರು ಹಾಕುವುದು ಕಾರ್ಖಾನೆಗೇ ಸಾಕು.

ಅವರದೊಂದು ಪದ್ಧತಿ ಇದೆ. ಕಾಗದ ನೋಡುವುದಿಲ್ಲ, ನಕ್ಷೆ ನೋಡುವುದಿಲ್ಲ. ಮಾಡುವವನ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಾರೆ. ತಗಡು ಕತ್ತರಿಸುವುದರಿಂದ ಹಿಡಿದು ಕಡೆಯ ಬೆಸುಗೆಯವರೆಗೆ, ಅವನೊಬ್ಬನೇ ಒಂದನ್ನು ಮಾಡಿ ಮುಗಿಸುವುದನ್ನು ಕಣ್ಣಾರೆ ನೋಡಬೇಕು. ಆಮೇಲೇ ದುಡ್ಡು. ಇಷ್ಟು ವರ್ಷ ಹಾಗೇ ಮಾಡಿದ್ದಾರಂತೆ, ಒಂದು ಸಲವೂ ಕೈ ಸುಟ್ಟುಕೊಂಡಿಲ್ಲವಂತೆ. ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಬೇರೆ ಯಾವ ಪರೀಕ್ಷೆ ಇಟ್ಟಿದ್ದರೂ ಹೆದರಬೇಕಿತ್ತು. ಇದನ್ನು ನೀವು ಕಣ್ಣು ಮುಚ್ಚಿಕೊಂಡು ಪಾಸು ಮಾಡುತ್ತೀರಿ.

ಈ ತಿಂಗಳ ಇಪ್ಪತ್ತೊಂಬತ್ತಕ್ಕೆ ನಾವಿಬ್ಬರೂ ಬರುತ್ತೇವೆ. ಅಕ್ಕಾ, ಒಂದು ಒಳ್ಳೆಯ ಸ್ಟೂಲು ನೋಡಿಡು.

ನಿಮ್ಮ ಮಾತಿನಮಲ್ಲ


ಅಕ್ಟೋಬರ್ ೧೮

ಮಲ್ಲ,

ಇದು ನನ್ನ ಅಕ್ಷರ. ನೋಡಿದರೆ ನಿನಗೇ ತಿಳಿಯುತ್ತದೆ. ನಿನ್ನ ಅಕ್ಕ ಬರೆಯುತ್ತೇನೆ ಅಂದಳು, ನಾನೇ ಬೇಡ ಅಂದೆ. ಒಂದೊಂದು ಸಾಲಿಗೂ ನಿಲ್ಲಿಸಿ ನಿಲ್ಲಿಸಿ ಬರೆಯುತ್ತಿದ್ದೇನೆ, ನೀನೂ ನಿಧಾನವಾಗಿ ಓದು.

ಗಿರಾಕಿ ನಾನೇ.

ಹೋದ ವರ್ಷ ಕಾಲೇಜಿನ ತಕ್ಕಡಿಯೊಂದನ್ನು ಬಿಚ್ಚಿದ್ದೆ. ಅದರ ಕಡ್ಡಿ ಕೂರಿಸುವಾಗ ಉಸಿರು ಬಿಗಿ ಹಿಡಿಯಬೇಕು, ಬಿಟ್ಟರೆ ತಟ್ಟೆ ಅಲುಗುತ್ತದೆ. ಉಸಿರು ಹಿಡಿದಿದ್ದೆ, ಆದರೂ ಅಲುಗಿತು. ಗಾಳಿ ಅಂತ ಕಿಟಕಿ ಮುಚ್ಚಿದೆ. ಮತ್ತೆ ಅಲುಗಿತು. ನನ್ನ ಬೆರಳು ಅಂತ ತಿಳಿಯಲು ಒಂದು ವಾರ ಬೇಕಾಯಿತು. ನರದ ತೊಂದರೆಯಂತೆ. ಮಾತ್ರೆ ಕೊಟ್ಟಿದ್ದಾರೆ. ನಿಧಾನ ಮಾಡಬಹುದು, ನಿಲ್ಲಿಸಲಾಗದು ಅಂದರು.

ಆಗಲೇ ಚಮಚ ಶುರು ಮಾಡಿದ್ದು. ನನಗೆ ಬೇಕು ಅಂತ ಮಾಡಿಕೊಂಡೆ. ನೀನು ನೋಡಿ ಕಂಪನಿ ಮಾಡೋಣ ಅಂದೆ. ನನಗೂ ಆಸೆ ಹುಟ್ಟಿತು. ಕೈ ಪೂರ್ತಿ ಹೋಗುವ ಮುಂಚೆ ಇನ್ನಿಬ್ಬರ ಕೈಗೆ ಈ ಕೆಲಸ ದಾಟಿಸಿದರೆ ಸಾಕು ಅನಿಸಿತ್ತು. ಬೇರೇನೂ ಬೇಕಿರಲಿಲ್ಲ. ಜೂನಿನಲ್ಲಿ ಕಲಿಸುವಷ್ಟು ಕೈ ಇತ್ತು. ಎರಡನೆಯ ಚಮಚ ನಾನೊಬ್ಬನೇ ಮಾಡಿದ ಕೊನೆಯದು. ಮೂರನೆಯದು ನಿನ್ನ ಅಕ್ಕ ಮಾಡಿದ್ದು, ನಾನು ಹೇಳಿಕೊಟ್ಟು.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ನಿನ್ನ ಮುಖ ಏನನ್ನೂ ಮುಚ್ಚಿಡುವುದಿಲ್ಲ. ಮಾಡಿದವನ ಕೈಯೇ ಹೋಗಿದೆ ಅಂತ ತಿಳಿದರೆ ಯಾರು ದುಡ್ಡು ಹಾಕುತ್ತಾರೆ? ಇನ್ನೊಂದು, ನಾಚಿಕೆ. ತಕ್ಕಡಿಯವನ ಕೈ ನಡುಗುತ್ತದೆ ಅಂತ ನನ್ನ ಬಾಯಿಂದ ಹೇಗೆ ಹೇಳಲಿ. ಆ ಡಾಕ್ಟರಮ್ಮನ ವಿಷಯದಲ್ಲಿ ನಾನು ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಅದು ನನ್ನ ತಪ್ಪೇ ಹೊರತು ನಿನ್ನದಲ್ಲ.

ನಿನ್ನ ಕಾಗದ ಬಂದಾಗಿನಿಂದ ಪ್ರಯತ್ನಪಟ್ಟೆ. ತಗಡಿನ ಮೇಲೆ ಗೀಟು ಹಾಕಲೂ ಆಗಲಿಲ್ಲ. ಬೀಗದವರಿಗೆ ಬರಬೇಡಿ ಅಂತ ಹೇಳು. ಅಷ್ಟು ದೂರ ಬಂದು ಸ್ಟೂಲಿನ ಮೇಲೆ ಕೂತು ಇದನ್ನು ನೋಡುವುದು ಬೇಡ. ಅವರೆದುರು ನನಗೆ ಅಳು ಬಂದುಬಿಡುತ್ತದೆ.

ಒಂದು ಮಾತು. ಎರಡನೆಯ ಚಮಚವನ್ನು ಬಿಡಿಸಿಕೊಂಡು ಬಾ. ನಿನ್ನ ಅಕ್ಕ ಈಗ ನನಗೆ ತಿನ್ನಿಸುತ್ತಾಳೆ. ಅವಳಿಗೆ ಬೇಸರವಿಲ್ಲ. ನನಗಿದೆ.

ನಿನ್ನ ಭಾವ


ಅಕ್ಟೋಬರ್ ೨೬

ಭಾವ,

ನಿಮ್ಮ ಕಾಗದವನ್ನು ಜೆರಾಕ್ಸ್ ಅಂಗಡಿಯ ಕೌಂಟರಿನಲ್ಲಿ ಒಡೆದೆ. ಗಿರಾಕಿ ನಾನೇ ಅನ್ನುವ ಸಾಲು ಓದುವಷ್ಟರಲ್ಲಿ ಅಂಗಡಿಯವರು ನನ್ನ ಮುಖ ನೋಡಿ ಬಂದು ಹೊರಗೆ ಕೂರಿಸಿದರು. ಆ ಮನುಷ್ಯನನ್ನು ಬಿಟ್ಟುಬಿಡಿ ಅಂತ ನಾನೇ ಬರೆದೆನಲ್ಲ. ಅವರಿಂದ ಉಪಯೋಗವಿಲ್ಲ ಅಂತ. ಅದನ್ನು ಅಕ್ಕ ನಿಮಗೆ ಓದಿ ಹೇಳಿದಳಲ್ಲ. ಅವಳ ಸುಟ್ಟ ಬೆರಳಿನ ಕೆಲಸಕ್ಕೆ ಒರಟು ಅಂದೆನಲ್ಲ. ಯಾವ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿ ಅಂತಲೂ ತಿಳಿಯುತ್ತಿಲ್ಲ.

ಬೀಗದವರ ಮನೆಗೆ ಹೋಗಿ ಎಲ್ಲ ಹೇಳಿದೆ. ಪೂರ್ತಿ ಕೇಳಿದರು. "ಅವರಿಗೆ ನನ್ನ ನಮಸ್ಕಾರ ತಿಳಿಸು. ಆದರೆ ನಾನು ಕೈ ನೋಡಿ ದುಡ್ಡು ಹಾಕೋನು. ಈ ವಯಸ್ಸಲ್ಲಿ ಅದನ್ನ ಬದಲಾಯಿಸಲಾರೆ" ಅಂದರು. ಗೇಟಿನವರೆಗೂ ಬಂದು ಬೀಳ್ಕೊಟ್ಟರು.

ಅಲ್ಲಿಂದ ಡಾಕ್ಟರಮ್ಮನ ಮನೆಗೆ ಹೋದೆ. ಯಾವ ಮುಖ ಅಂತ ಈ ಸಲ ಯೋಚಿಸಲಿಲ್ಲ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. "ನೀವು ವಾಪಸ್ ಬರ್ತೀರೇನೋ ಅಂತ ಆಗಸ್ಟ್ ಮುಗಿಯೋವರೆಗೂ ನೋಡಿದೆ. ಆಮೇಲೆ ಆ ದುಡ್ಡನ್ನ ಬೇರೆ ಕಡೆ ಕೊಟ್ಟುಬಿಟ್ಟೆ. ಒಂದು ಸಲ ಬಂದಿದ್ರೆ ಆಗ್ತಿತ್ತಲ್ಲಪ್ಪಾ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀರು ತಂದುಕೊಟ್ಟರು. ಬೆಕ್ಕು ಬಂದು ಕಾಲ ಹತ್ತಿರ ಕೂತಿತು. ನಾನು ಅಲ್ಲೇ ಅತ್ತುಬಿಟ್ಟೆ.

ಕಡೆಗೆ ಮೇಲಿನ ಮಹಡಿ. ಚಮಚ ಕೇಳಿದರೆ ಯಾರಿಗೂ ನೆನಪಿಲ್ಲ. ಸ್ವಾಗತದ ಹೆಂಗಸು ಪಾಪ ಕಪಾಟೆಲ್ಲ ತೆಗೆದು ಹುಡುಕಿದರು. ಅದು ಸಿಕ್ಕಿದ್ದು ಕಾಫಿ ಯಂತ್ರದ ಪಕ್ಕ, ಸಕ್ಕರೆ ಡಬ್ಬಿಯಲ್ಲಿ. ತಿಂಗಳುಗಟ್ಟಲೆ ಅದರಲ್ಲಿ ಸಕ್ಕರೆ ಬಗೆದಿದ್ದಾರೆ. ಒಳಗಿನ ಉಂಗುರ ಸೊಟ್ಟಗಾಗಿದೆ, ತೂಕ ಒಂದು ಪಕ್ಕಕ್ಕೆ ಅಂಟಿಕೊಂಡಿದೆ. ಸ್ಪ್ರಿಂಗು ನೆಟ್ಟಗಿದೆ ಅಂತ ಕಾಣುತ್ತದೆ, ನನಗೆ ಗೊತ್ತಾಗುವುದಿಲ್ಲ. ತೊಳೆದು, ಒರೆಸಿ, ನನ್ನ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದೇನೆ.

ಕೋಣೆ ಖಾಲಿ ಮಾಡಿದೆ. ಈ ಕಾಗದ ಮುಟ್ಟಿದ ಮಾರನೆಯ ದಿನವೋ ಅದರ ಮರುದಿನವೋ ನಾನೂ ಬಂದಿರುತ್ತೇನೆ. ಬರಿಗೈಯಲ್ಲಿ ಬರುವುದಿಲ್ಲ ಅಂತ ಬರೆದಿದ್ದೆ, ಅದನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಉಂಗುರವನ್ನು ನಾನು ಮುಟ್ಟಲು ಹೋಗಿಲ್ಲ. ಆ ಸ್ಟೂಲಿನ ಮೇಲೆ ನೀವು ಕೂತುಕೊಳ್ಳಿ. ಎಲ್ಲಿ ಹಿಡಿಯಬೇಕು, ಎಷ್ಟು ಬಗ್ಗಿಸಬೇಕು, ಯಾವಾಗ ಉಸಿರು ಬಿಗಿ ಹಿಡಿಯಬೇಕು ಅಂತ ನೀವು ಹೇಳಿ, ನಾನು ಮಾಡುತ್ತೇನೆ. ಹಾಳು ಮಾಡಿದರೆ ಬೈಯಿರಿ. ಇಷ್ಟು ವರ್ಷ ಮಾತೇ ಆಡಿಕೊಂಡು ಬಂದೆ, ನನ್ನ ಕೈಗೆ ಏನೂ ಬರುವುದಿಲ್ಲ ಭಾವ. ನಡುಗುವುದಿಲ್ಲ, ಅಷ್ಟೇ.